ಲೆಕ್ಕ ಸರಿ ಇದ್ದರೆ ಸಾಲದಾ? ಗಣಿತಕ್ಕೆ ಚೆಂದ ಯಾಕೆ ಬೇಕು?

ಧಾರವಾಡದ ಕಸೂತಿಯನ್ನೇ ನೋಡಿ. ನಮ್ಮವ್ವನ ಇಳಕಲ್ ಸೀರೆ ಮೇಲೆ ಗವಂತಿ ಹೊಲಿಗೆಯ ಗೋಪುರ ಇದೆ. ದಾರ ಹೋಗುವಾಗ ಒಂದು ಬಿಟ್ಟು ಒಂದು ಮನೆ ತುಂಬುತ್ತದೆ, ಬರುವಾಗ ಬಿಟ್ಟಿದ್ದನ್ನು ತುಂಬುತ್ತದೆ. ಗಂಟಿಲ್ಲ, ಸೀರೆ ತಿರುವಿದರೂ ಅದೇ ಚಿತ್ತಾರ. ದಾರ ಶುರುವಾದಲ್ಲಿಗೇ ವಾಪಸ್ ಬರುತ್ತದೆ.

ಯಾಕೆ ಗೊತ್ತಾ? ಪ್ರತಿ ಗೆರೆ ಮೇಲೂ ದಾರ ಎರಡು ಸಲ ಓಡುತ್ತದೆ. ಹಾಗಾಗಿ ಗೆರೆಗಳು ಕೂಡುವ ಪ್ರತಿ ಜಾಗದಲ್ಲೂ ದಾರದ ಎಣಿಕೆ ಸಮಸಂಖ್ಯೆ. ಒಳಗೆ ಬಂದ ದಾರಕ್ಕೆ ಹೊರಗೆ ಹೋಗಲು ದಾರಿ ಇದ್ದೇ ಇರುತ್ತದೆ. 1730ರ ದಶಕದಲ್ಲಿ ಗಣಿತಜ್ಞ ಆಯ್ಲರ್ ಯುರೋಪಿನ ಊರು ಕೋನಿಗ್ಸ್‌ಬರ್ಗ್‌ನ ಏಳು ಸೇತುವೆಗಳ ಒಗಟು ಬಿಡಿಸಿದ್ದೂ ಇದೇ ಸಮ-ಬೆಸದ ಎಣಿಕೆಯಿಂದ. ಅಲ್ಲಿ ನೆಲದ ಪ್ರತಿ ತುಂಡಿಗೂ ಕೂಡುವ ಸೇತುವೆಗಳ ಎಣಿಕೆ ಬೆಸ; ಪ್ರತಿ ಸೇತುವೆಯನ್ನೂ ಒಂದೇ ಸಲ ದಾಟಿ ಮುಗಿಸಲು ಆಗಲ್ಲ.

ಇಷ್ಟೇ ಇಷ್ಟು ಕಾರಣ, ಅದರಲ್ಲಿ ಕಸೂತಿಯ ಗೋಪುರ, ತೇರು, ಆ ಊರಿನ ಸೇತುವೆ ಎಲ್ಲಾ ಸಿಕ್ಕಿಬಿದ್ದವು. ಗಣಿತದವರು ಚೆಂದ ಅನ್ನೋದು ಇದಕ್ಕೇ.

ಇದಕ್ಕೆ ಉಲ್ಟಾ ಒಂದು ಉದಾಹರಣೆ: ಅಕ್ಕಪಕ್ಕದ ಭಾಗಗಳಿಗೆ ಒಂದೇ ಬಣ್ಣ ಬರದಂತೆ ಬಳಿಯಲು ಯಾವ ನಕ್ಷೆಗೂ ನಾಲ್ಕು ಬಣ್ಣ ಸಾಕು ಅನ್ನುವುದನ್ನು 1976ರಲ್ಲಿ ಕಂಪ್ಯೂಟರ್‌ನಿಂದ ಸಾವಿರಕ್ಕೂ ಜಾಸ್ತಿ ನಮೂನೆ ತಪಾಸಣೆ ಮಾಡಿಸಿ ಸಾಧಿಸಿದರು. ಉತ್ತರ ಸರಿಯೇ. ‘ಯಾಕೆ’ ಅನ್ನೋದು ಮಾತ್ರ ಕಾಣಲಿಲ್ಲ ಅಂತ ಗಣಿತದವರೇ ಗೊಣಗಿದರು.