ಟ್ಯಾಕಲ್ ಕಮ್ಮಿಯಾದರೆ ಡಿಫೆಂಡರ್ ಸೋತ ಹಾಗೇ?

ಪ್ರಶ್ನೆ: ಫುಟ್‌ಬಾಲ್ ಡಿಫೆಂಡರ್ ಒಬ್ಬನ ಟ್ಯಾಕಲ್‌ಗಳು (ಎದುರಾಳಿಯ ಕಾಲಿನಿಂದ ಚೆಂಡು ಕಸಿಯುವುದು) ಸೀಸನ್‌ನಿಂದ ಸೀಸನ್‌ಗೆ ಇಳಿಯುತ್ತಿವೆ. ಆಟ ಕುಸಿದಿದೆ ಎನ್ನಬಹುದೇ? (ಓದುಗರು, ಆಸ್ಟಿನ್ ಟೌನ್, ಬೆಂಗಳೂರು)

ಉತ್ತರ: ಅಷ್ಟರಿಂದಲೇ ಹೇಳಲಾಗದು. 2001ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತನ್ನ ಡಿಫೆಂಡರ್ ಯಾಪ್ ಸ್ಟಾಮ್‌ರನ್ನು ಇಟಲಿಯ ಲಾಜಿಯೊಗೆ ಮಾರಿತು. ಟ್ಯಾಕಲ್ ಲೆಕ್ಕ ಇಳಿದದ್ದೂ ಒಂದು ಕಾರಣ ಎನ್ನುತ್ತಾರೆ. ಅದೇ ಸ್ಟಾಮ್ 2005ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಮಿಲಾನ್ ಪರ ಆಡಿದರು. ಮಾರಿದ್ದು ತಪ್ಪಾಯಿತೆಂದು ಕೋಚ್ ಫರ್ಗ್ಯೂಸನ್ ಮುಂದೆ ಒಪ್ಪಿಕೊಂಡರು.

ಒಳ್ಳೆಯ ಡಿಫೆಂಡರ್ ಎರಡು ಹೆಜ್ಜೆ ಮೊದಲೇ ಸರಿದು ದಾರಿ ಮುಚ್ಚಿಬಿಡುತ್ತಾನೆ. ಎದುರಾಳಿ ಅತ್ತ ನೋಡಿ, ಪಾಸ್ ಕೊಡದೆ ಚೆಂಡನ್ನು ಹಿಂದಕ್ಕೆ ತಳ್ಳುತ್ತಾನೆ. ಕೊಡದೇ ಹೋದ ಪಾಸನ್ನು ಟ್ಯಾಕಲ್ ಪಟ್ಟಿಯಲ್ಲಿ ಯಾರೂ ಬರೆಯುವುದಿಲ್ಲ.

ಇನ್ನು, ಟ್ಯಾಕಲ್ ಮಾಡಲು ಚೆಂಡು ಎದುರಾಳಿಯ ಕಾಲಲ್ಲಿರಬೇಕಲ್ಲ! 2015-16ರ ಪ್ರೀಮಿಯರ್ ಲೀಗ್‌ನಲ್ಲಿ ಲೆಸ್ಟರ್‌ನ ಎನ್‌ಗೊಲೊ ಕಾಂಟೆ 175 ಟ್ಯಾಕಲ್ ಮಾಡಿದರು. ಕಾಂಟೆ ಅಪ್ಪಟ ಆಟಗಾರ, ಅದರಲ್ಲಿ ಅನುಮಾನವಿಲ್ಲ. ಆದರೆ ಲೆಸ್ಟರ್ ಚೆಂಡನ್ನು ಎದುರಾಳಿಗೆ ಬಿಟ್ಟು, ಹಿಂದೆ ನಿಂತು, ಕಸಿದು ಓಡುತ್ತಿದ್ದ ತಂಡ. ಅಲ್ಲಿ ಕಸಿಯುವ ಅವಕಾಶವೇ ಹೆಚ್ಚು. ಹೋಲಿಸುವ ಮೊದಲು ಲೆಕ್ಕ ಸರಿದೂಗಿಸಿ: ಪಂದ್ಯಕ್ಕೆ ಆಗುವ ಟ್ಯಾಕಲ್‌ಗಳನ್ನು 50ರಿಂದ ಗುಣಿಸಿ, ಎದುರಾಳಿಯ ಪೊಸೆಷನ್ (ಚೆಂಡು ಅವರ ಬಳಿ ಇದ್ದ ಪಾಲು) ಶೇಕಡಾವಾರಿನಿಂದ ಭಾಗಿಸಿ. ಎದುರಾಳಿಗೆ ಶೇ. 60 ಪೊಸೆಷನ್ ಇದ್ದಾಗ 3 ಟ್ಯಾಕಲ್ ಮಾಡಿದವನಿಗೂ, ಶೇ. 40 ಇದ್ದಾಗ 2 ಮಾಡಿದವನಿಗೂ ಬರುವುದು ಅದೇ 2.5. ಇದೂ ಒರಟು ಲೆಕ್ಕವೇ.

ಪ್ರಶ್ನೆ: ಪಾಸಿಂಗ್ (ಜೊತೆಗಾರನಿಗೆ ಸರಿಯಾಗಿ ತಲುಪಿದ ಪಾಸ್‌ಗಳ ಪಾಲು) ಶೇ. 92 ಇರುವವನು ಶೇ. 76 ಇರುವವನಿಗಿಂತ ಮೇಲೇ?

ಉತ್ತರ: ಪಾಸ್ ಎಲ್ಲಿಗೆ ಹೋಯಿತು ಎಂದು ಮೊದಲು ನೋಡಿ. ಪಕ್ಕದ ಸೆಂಟರ್ ಬ್ಯಾಕ್‌ಗೆ (ನಡುವಿನ ಡಿಫೆಂಡರ್‌ಗೆ) ತಳ್ಳಿದ ಹತ್ತು ಮೀಟರ್ ಪಾಸೂ ಒಂದೇ, ಇಬ್ಬರ ನಡುವೆ ಬಾಕ್ಸಿನೊಳಗೆ ತೂರಿಸಿದ ಪಾಸೂ ಒಂದೇ ಎಂದು ಈ ಶೇಕಡಾವಾರು ಎಣಿಸುತ್ತದೆ. ಸೆಂಟರ್ ಬ್ಯಾಕನ್ನು ಸೆಂಟರ್ ಬ್ಯಾಕ್ ಜೊತೆಗೇ ಹೋಲಿಸಿ.

ಪ್ರಶ್ನೆ: ಸ್ಟ್ರೈಕರ್‌ಗೆ ಎಕ್ಸ್‌ಜಿ (ಪ್ರತಿ ಶಾಟ್ ಗೋಲಾಗುವ ಸಾಧ್ಯತೆಯ ಅಂಕಿ) ನೋಡಿದರೆ ಸಾಕಲ್ಲವೇ?

ಉತ್ತರ: ಗೋಲ್ ಎಣಿಸುವುದಕ್ಕಿಂತ ವಾಸಿ, ಸಾಕಂತೂ ಅಲ್ಲ. ಪೆನಾಲ್ಟಿಗೆ ಸುಮಾರು 0.78 ಸಿಗುತ್ತದೆ. ಅದನ್ನು ಮೊದಲು ಕಳೆಯಿರಿ, ಇಲ್ಲವಾದರೆ ಪೆನಾಲ್ಟಿ ಹೊಡೆಯುವವನ ಲೆಕ್ಕ ಸುಮ್ಮನೆ ಉಬ್ಬುತ್ತದೆ. ಶಾಟ್ ಆಗದಿದ್ದರೆ ಎಕ್ಸ್‌ಜಿ ಸೊನ್ನೆ: ಸ್ಟ್ರೈಕರ್ ಆರು ಗಜದ ಪೆಟ್ಟಿಗೆಗೆ ಓಡಿಬಂದು, ಕ್ರಾಸ್ ಬೆರಳಷ್ಟು ದೂರದಲ್ಲಿ ತಪ್ಪಿಹೋದರೆ ಆ ಓಟಕ್ಕೆ ಬೆಲೆಯೇ ಇಲ್ಲ. ಬದಲಿಯಾಗಿ ಬಂದು 30 ನಿಮಿಷದಲ್ಲಿ 1 ಗೋಲ್ ಹೊಡೆದವನ '90 ನಿಮಿಷಕ್ಕೆ 3 ಗೋಲ್' ಎಂಬ ಅಂಕಿಯನ್ನೂ ನಂಬಬೇಡಿ. ಕನಿಷ್ಠ 900 ನಿಮಿಷ ಆಡಿರಲಿ, ಆಮೇಲೆ ಹೋಲಿಸೋಣ.