ಮನೆ ಉಳಿದು ತೋಟ ಮಾತ್ರ ಹೋದರೆ ನಾವು ನಿರ್ವಸಿತರೇ?

ಯೋಜನೆಗೆ ತೋಟ ಹೋಗಿ ಮನೆ ಉಳಿಯುವವರು ನಿರ್ವಸಿತರೇ, ಪರಿಹಾರದ ಹಣ ಪಡೆಯಬೇಕೇ ಅಥವಾ ಕೋರ್ಟಿಗೆ ಹೋಗಬೇಕೇ ಎಂದು ಕೇಳಿದ್ದೀರಿ. ಸುರತ್ಕಲ್ ಕಡೆಯ ನಮ್ಮ ಊರಿನಲ್ಲಿ ನಾಗಬನದ ಅಂಚಿನವರೆಗೆ ಗದ್ದೆಯೂ ತೆಂಗಿನ ತೋಟವೂ ಸ್ವಾಧೀನವಾದಾಗ ತಂದೆಯವರು ನನ್ನನ್ನು ಕೇಳಿದ್ದೂ ಇದನ್ನೇ. ಆಗ 1894ರ ಭೂಸ್ವಾಧೀನ ಕಾಯ್ದೆ ಜಾರಿಯಲ್ಲಿತ್ತು. ಕಾಲೇಜು ಓದಿದವನು ನಾನೊಬ್ಬನೇ ಆದ್ದರಿಂದ ಕಾಗದಪತ್ರಗಳೆಲ್ಲ ನನ್ನ ಪಾಲಿಗೆ ಬಂದವು.

ದರ ತೀರಾ ಕಡಿಮೆಯಿತ್ತು. ಮೊದಲು ಚೆಕ್ಕು ಕೈಗೆ ಬರಲಿ, ಆಮೇಲೆ ವಕೀಲರನ್ನು ಕಂಡರಾಯಿತು ಎಂದು ನಾನೇ ತಂದೆಯವರಿಂದ ರಶೀದಿಗೆ ಸಹಿ ಹಾಕಿಸಿದೆ. ಚೆಕ್ಕು ಪಡೆದದ್ದರಲ್ಲಿ ತಪ್ಪಿರಲಿಲ್ಲ. ‘ಆಕ್ಷೇಪಣೆಯೊಂದಿಗೆ ಸ್ವೀಕರಿಸಿದ್ದೇನೆ’ ಎಂಬ ಒಂದು ಸಾಲನ್ನು ಸಹಿಯ ಮೇಲೆ ಬರೆಯದೆ ಬಿಟ್ಟದ್ದೇ ನಮ್ಮನ್ನು ಮುಳುಗಿಸಿತು. ಆ ಕಾಯ್ದೆಯ 31ನೇ ಸೆಕ್ಷನ್ನಿನ ಪ್ರಕಾರ, ಆಕ್ಷೇಪಣೆ ದಾಖಲಿಸದೆ ಹಣ ಪಡೆದವರು ಹೆಚ್ಚಿನ ಪರಿಹಾರದ ಪ್ರಶ್ನೆಯನ್ನು 18ನೇ ಸೆಕ್ಷನ್ನಿನಡಿ ನ್ಯಾಯಾಲಯಕ್ಕೆ ಒಪ್ಪಿಸುವಂತೆ ಕೇಳಲು ಬರುತ್ತಿರಲಿಲ್ಲ. ಬೇಲಿಯಾಚೆಯವರು ಶಾಲೆಯ ಮುಖ ನೋಡಿದವರಲ್ಲ. ಯಾರೋ ಹೇಳಿಕೊಟ್ಟಂತೆ ಆ ಸಾಲನ್ನು ಬರೆಸಿಯೇ ಹೆಬ್ಬೆಟ್ಟು ಒತ್ತಿದ್ದರು. ಅವರಿಗೆ ಪರಿಹಾರ ಹೆಚ್ಚಿತು, ಅದೇ ಬೈಲಿನ ನಮ್ಮ ಗದ್ದೆಗೆ ಹೆಚ್ಚಲಿಲ್ಲ. ಅಕ್ಕಪಕ್ಕದವರಿಗೆ ಆದ ಹೆಚ್ಚಳವನ್ನು ಆಧರಿಸಿ, ಆ ತೀರ್ಪು ಬಂದ ಮೂರು ತಿಂಗಳೊಳಗೆ 28ಎ ಸೆಕ್ಷನ್ನಿನಡಿ ಅರ್ಜಿ ಹಾಕಬಹುದಿತ್ತು ಎಂಬುದು ನನಗೆ ತಿಳಿಯುವ ಹೊತ್ತಿಗೆ ಆ ಅವಧಿಯೂ ದಾಟಿತ್ತು.

ಆದ್ದರಿಂದ ಹಣವೋ ಕೋರ್ಟೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಆಕ್ಷೇಪಣೆ ಬರೆದು ಹಣ ಪಡೆಯಿರಿ, ಅನಂತರ ಕೇಳಿರಿ. 2014ರ ಜನವರಿ 1ರಿಂದ ಜಾರಿಯಲ್ಲಿರುವ 2013ರ ಭೂಸ್ವಾಧೀನ ಕಾಯ್ದೆಯ 77ನೇ ಸೆಕ್ಷನ್ನಿನಲ್ಲಿಯೂ ಇದೇ ಷರತ್ತಿದೆ. ಐತೀರ್ಪಿನ, ಅಂದರೆ ಅಧಿಕಾರಿ ಪರಿಹಾರದ ಮೊತ್ತ ನಿಗದಿಪಡಿಸುವ ಆದೇಶದ, ವೇಳೆ ನೀವು ಹಾಜರಿದ್ದರೆ ಹೆಚ್ಚಿನ ಪರಿಹಾರ ಕೇಳುವ 64ನೇ ಸೆಕ್ಷನ್ನಿನ ಅರ್ಜಿಗೆ ಆರೇ ವಾರಗಳ ಗಡುವು. ಆದರೆ ಸ್ವಾಧೀನ ಯಾವ ಕಾಯ್ದೆಯಡಿ ನಡೆಯುತ್ತಿದೆ ಎಂಬುದನ್ನು ನೋಟಿಸಿನಲ್ಲಿ ಮೊದಲು ನೋಡಿ: ರಾಷ್ಟ್ರೀಯ ಹೆದ್ದಾರಿಯಾದರೆ ದರದ ತಕರಾರು ಮಧ್ಯಸ್ಥಗಾರರ ಮುಂದೆ ಹೋಗುತ್ತದೆ, ಕೈಗಾರಿಕಾ ಪ್ರದೇಶಕ್ಕಾದರೆ ಒಪ್ಪಂದದ ದರಕ್ಕೆ ಸಹಿ ಹಾಕಿದ ಮೇಲೆ ಹೆಚ್ಚು ಕೇಳುವ ದಾರಿ ಸಾಮಾನ್ಯವಾಗಿ ಮುಚ್ಚಿಹೋಗುತ್ತದೆ. ಕುಮ್ಕಿಯನ್ನು, ಅಂದರೆ ಸಾಗುವಳಿ ಜಾಗಕ್ಕೆ ತಾಗಿಕೊಂಡು ಸೊಪ್ಪು ಸೌದೆಗೆ ಬಳಸುವ ಜಾಗವನ್ನು, ಮಾತ್ರ ಸ್ವಂತ ಜಾಗವೆಂದು ಲೆಕ್ಕ ಹಾಕಬೇಡಿ, ದಾಖಲೆಯಲ್ಲಿ ಅದು ಸರಕಾರದ್ದು.

ಇನ್ನು ನಿರ್ವಸಿತರ ವಿಷಯ. ಊರಿನ ಮಾತಿನಲ್ಲಿ ಜಾಗ ಹೋದವರೆಲ್ಲ ನಿರ್ವಸಿತರೇ. 2013ರ ಕಾಯ್ದೆ ಹಾಗೆ ನೋಡುವುದಿಲ್ಲ: ಇದ್ದ ಜಾಗ ಬಿಟ್ಟು ಬೇರೆಡೆ ನೆಲೆಸಬೇಕಾದವರು ಮಾತ್ರ ನಿರ್ವಸಿತ ಕುಟುಂಬ, ಭೂಮಿ ಕಳೆದುಕೊಂಡವರು ಬಾಧಿತ ಕುಟುಂಬ. ಎರಡನೇ ಅನುಸೂಚಿಯಂತೆ ಸಾಗಾಟ ವೆಚ್ಚದ 50,000 ರೂಪಾಯಿಯೂ ಒಂದು ವರ್ಷದ ಮಾಸಿಕ 3,000 ರೂಪಾಯಿಯೂ ನಿರ್ವಸಿತರಿಗೆ ಮಾತ್ರ; ಒಂದು ಬಾರಿಯ ಪುನರ್ವಸತಿ ಭತ್ಯೆ 50,000 ರೂಪಾಯಿ ಬಾಧಿತರಿಗೆಲ್ಲ ಸಲ್ಲುತ್ತದೆ. ಮನೆ ಉಳಿದಿದೆ, ನಮಗೇನೂ ಇಲ್ಲ ಎಂದು ನೀವು ಸುಮ್ಮನಿದ್ದರೆ ಅದೂ ಕೈತಪ್ಪುತ್ತದೆ.

ನಮ್ಮ ಗದ್ದೆಯಲ್ಲಿ ನೇಜಿ ನೆಡುತ್ತಿದ್ದ ಹೆಂಗಸರ ಹೆಸರನ್ನು ಆಗ ಯಾರೂ ಬರೆದುಕೊಳ್ಳಲಿಲ್ಲ. ಈಗಿನ ಕಾಯ್ದೆಯಲ್ಲಿ, ಸ್ವಾಧೀನಕ್ಕೆ ಮೊದಲಿನ ಮೂರು ವರ್ಷ ಅಲ್ಲಿಯೇ ದುಡಿದು ಮುಖ್ಯ ಜೀವನೋಪಾಯ ಕಳೆದುಕೊಂಡ ಕೃಷಿ ಕಾರ್ಮಿಕರೂ, ಸ್ವಂತ ಭೂಮಿ ಇಲ್ಲದಿದ್ದರೂ, ಬಾಧಿತರೇ. ಸಮೀಕ್ಷೆಯವರು ಬಂದಾಗ ನಿಮ್ಮ ತೋಟದಲ್ಲಿ ದುಡಿಯುವವರನ್ನೂ ಕರೆಸಿ ಅವರ ಹೆಸರನ್ನು ಬರೆಸಿ.