ಓದಿದ್ದನ್ನೇ ಇಟ್ಟುಕೊಳ್ಳಿ, ಅಕ್ಕ

ಓದುಗರ ಪತ್ರ (ಸ್ವಲ್ಪ ಚಿಕ್ಕದು ಮಾಡಿದ್ದೇವೆ)

"ಸಂಪಾದಕರಿಗೆ ನಮಸ್ಕಾರ. ನಾನು ಡೊಂಬಿವಲಿಯವಳು, ವಯಸ್ಸು 67. ಮುಂದಿನ ತಿಂಗಳು ಈ ಮನೆ ಖಾಲಿ ಮಾಡಿ ಠಾಣೆಯಲ್ಲಿ ಮಗನ ಫ್ಲ್ಯಾಟಿಗೆ ಹೋಗುತ್ತಿದ್ದೇನೆ. ಅಲ್ಲಿ ನನ್ನ ಪುಸ್ತಕಗಳಿಗೆ ಸಿಗುವುದು ಕಪಾಟಿನ ಒಂದೇ ಅರೆ. ನೂರೈವತ್ತರಲ್ಲಿ ಮೂವತ್ತು ಹಿಡಿಸಬಹುದು. 'ಓದಿದ್ದನ್ನೆಲ್ಲ ಯಾರಿಗಾದರೂ ಕೊಡು ಅಮ್ಮ, ಓದದೇ ಇರೋದನ್ನ ಮಾತ್ರ ತಾ' ಅನ್ನುತ್ತಾನೆ ಮಗ. ಲೆಕ್ಕ ಸರಿಯಾಗೇ ಇದೆ. ಆದರೆ ನಾನು ಓದುವುದೇ ಓದಿದ್ದನ್ನು. ಮಳೆಗಾಲ ಬಂತೆಂದರೆ 'ಫಣಿಯಮ್ಮ' ಬೇಕು. ಟಿವಿಯಲ್ಲಿ 'ಕಸ್ತೂರಿ ನಿವಾಸ' ಬಂದರೆ ಗ್ಯಾಸ್ ಆರಿಸಿ ಕೂರುತ್ತೇನೆ. 'ಅತ್ತೆ, ಕಥೆ ಬದಲಾಗಿದೆಯಾ ಅಂತ ನೋಡ್ತಿದ್ದೀರಾ?' ಅಂತ ಸೊಸೆ ನಗುತ್ತಾಳೆ. ಇದು ಸೋಮಾರಿತನವೋ, ವಯಸ್ಸಾಯಿತೋ? ಹೆಸರು ಹಾಕಬೇಡಿ. ಸೊಸೆ ನಿಮ್ಮ ಪತ್ರಿಕೆ ಓದುತ್ತಾಳೆ."

ಸಂಪಾದಕರ ಉತ್ತರ

ಅಕ್ಕ, ನಮಸ್ಕಾರ.

ಹೆಸರು ಹಾಕಿಲ್ಲ. ಆದರೂ ಎರಡನೇ ಸಾಲಿಗೇ ಸೊಸೆಗೆ ಗೊತ್ತಾಗಿರುತ್ತದೆ ಬಿಡಿ.

ಮನೆಯಲ್ಲಿ ಪ್ಯಾಕಿಂಗ್ ಶುರುವಾಗಿರಬಹುದು. ಹಾಗಾಗಿ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮಗನ ಲೆಕ್ಕವನ್ನು ತಲೆಕೆಳಗು ಮಾಡಿ. ಓದದೇ ಇರುವುದನ್ನು ಕೊಟ್ಟುಬಿಡಿ, ಓದಿದ್ದನ್ನು ಇಟ್ಟುಕೊಳ್ಳಿ. ಹತ್ತು ವರ್ಷ ಡೊಂಬಿವಲಿಯಲ್ಲಿ ಕೈಗೆ ಬಾರದ ಪುಸ್ತಕ ಠಾಣೆಗೆ ಹೋದ ಕೂಡಲೇ ಕರೆಯುತ್ತದೆ ಅಂತ ನನಗಂತೂ ನಂಬಿಕೆ ಇಲ್ಲ.

ಪತ್ರಿಕೆ ನಡೆಸುವವನು ಹೇಳಬಾರದ ಮಾತಿದು. ಹೊಸ ಪುಸ್ತಕ ಕೊಳ್ಳಿ ಅಂತ ತಿಂಗಳು ತಿಂಗಳು ನಾಲ್ಕು ಪುಟ ಅಚ್ಚು ಹಾಕುವವರು ನಾವೇ. ಈಗಲೂ ಮೇಜಿನ ಮೇಲೆ ವಿಮರ್ಶೆಗೆ ಬಂದ ಪುಸ್ತಕಗಳ ರಾಶಿಯಿದೆ. ಅದರ ಮೇಲೆ ನನ್ನ ಚಹಾದ ಗ್ಲಾಸಿದೆ. ಲೇಖಕರು ಕ್ಷಮಿಸಬೇಕು.

ಓದಿದ್ದನ್ನೇ ಓದುವ ಚಟ ನನಗೆ ರುಚಿಯಿಂದ ಹತ್ತಿದ್ದಲ್ಲ, ಗತಿಯಿಲ್ಲದೆ ಹತ್ತಿದ್ದು. 1971ರಲ್ಲಿ ಕಾಪುವಿನ ಕಡೆಯಿಂದ ಬಂದು ಮುಂಬಯಿ ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಲೋಟ ತೊಳೆಯಲು ನಿಂತೆ. ಆಗ ನನಗೆ ಹದಿಮೂರು. ಸಂಜೆ ಕನ್ನಡ ರಾತ್ರಿ ಶಾಲೆ. ಹೋಟೆಲಿನ ಬಾಗಿಲು ಹಾಕಿದ ಮೇಲೆ ಟೇಬಲ್ ಜೋಡಿಸಿಕೊಂಡು ಆರು ಜನ ಮಲಗುತ್ತಿದ್ದೆವು. ಆರು ಜನಕ್ಕೆ ಕಥೆಪುಸ್ತಕ ಅಂತ ಇದ್ದದ್ದು ಒಂದೇ, ಕಾರಂತರ 'ಮರಳಿ ಮಣ್ಣಿಗೆ'. ಯಾರು ಬಿಟ್ಟುಹೋದದ್ದೋ. ಮೊದಲ ಹಾಳೆ ಹೋಗಿತ್ತು, ನಡುವೆ ಸಾಂಬಾರಿನ ಕಲೆ.

ಅಡುಗೆಯ ಭಟ್ಟರು ಕೋಟದ ಕಡೆಯವರು. ಒಲೆಯ ಹೊಗೆಗೆ ಕಣ್ಣು ಮಂಜಾಗಿತ್ತು, ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ಅದಕ್ಕೇ ನನ್ನಿಂದ ಓದಿಸುತ್ತಿದ್ದರು. ಕಾದಂಬರಿಯ ಕೋಡಿ ಅವರಿಗೆ ಪಕ್ಕದ ಊರು. ನನ್ನ ಮನೆಮಾತು ತುಳು. ಐತಾಳರ ಮನೆಯ ಮಾತುಕತೆ ನನ್ನ ಬಾಯಲ್ಲಿ ಶಾಲೆಯ ಪಾಠದ ಹಾಗೆ ಬರುತ್ತಿತ್ತು. "ಹಾಂಗಲ್ಲ ಮಾಣಿ, ಸಮಾ ಓದು" ಅನ್ನುವರು.

ಪುಸ್ತಕ ಮುಗಿಯಿತು. ಬೇರೆ ಇರಲಿಲ್ಲ. "ಮತ್ತೆ ಶುರುವಿಂದ ಓದು" ಅಂದರು.

ಮೊದಲ ಸಲ ನಾನು ಓಡಿದ್ದೆ. ಮೊಮ್ಮಗ ರಾಮ ಏನಾಗುತ್ತಾನೆ ಅನ್ನುವುದೊಂದೇ ನನಗೆ ಬೇಕಿತ್ತು. ಎರಡನೇ ಸಲ ಭಟ್ಟರು ಓಡಲು ಬಿಡಲಿಲ್ಲ. ಪಾರೋತಿ, ಸರಸೋತಿ ದುಡಿಯುವ ಪುಟಗಳು ಬಂದರೆ "ಅಲ್ಲೇ ನಿಲ್ಲು, ಅದನ್ನೇ ಇನ್ನೊಂದು ಸಲ" ಅನ್ನುವರು. ಕೇಳುವಾಗ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಮೊರದಲ್ಲಿ ಬೇಳೆ ಹರಡಿಕೊಂಡು ಕಲ್ಲು ಆರಿಸುತ್ತಿದ್ದರು, ಬೆರಳಿನ ಅಂದಾಜಿನಲ್ಲೇ. ಒಂದು ರಾತ್ರಿ ಆ ಕೈ ನಿಂತಿತು. ಲಚ್ಚ ಮನೆಯ ಆಸ್ತಿ ಹಾಳು ಮಾಡುವ ಭಾಗ ಓದುತ್ತಿದ್ದೆ. "ನನ್ನ ತಮ್ಮನೂ ಹೀಂಗೇ" ಅಂದರು. ಮತ್ತೇನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮೊರದ ಸದ್ದು ಮತ್ತೆ ಶುರುವಾಯಿತು. ಅದು ಮೂರನೇ ಸಲದ ಓದು. ಎರಡು ಸಲ ಅದೇ ಭಾಗ ಅವರ ಕಿವಿ ಮೇಲೆ ಹಾದುಹೋಗಿತ್ತು.

ಆಗ ನನಗೆ ಅರ್ಥವಾಗಿರಲಿಲ್ಲ. ಈಗ ಅನಿಸುತ್ತದೆ, ಮೊದಲ ಸಲ ಕಥೆ ನಮ್ಮನ್ನು ಓಡಿಸುತ್ತದೆ. ಮುಂದೇನು, ಮುಂದೇನು ಅನ್ನುವ ಗಡಿಬಿಡಿ. ಏಳೂವರೆಯ ಫಾಸ್ಟ್ ಲೋಕಲ್ ಹಿಡಿಯುವವನಿಗೆ ಪ್ಲಾಟ್‌ಫಾರ್ಮಿನಲ್ಲಿ ಯಾರು ಕೂತಿದ್ದಾರೆ ಅಂತ ಕಾಣುತ್ತದಾ? ಗಾಡಿ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಿದ್ದರೆ, ಹೇಗೂ ಕೂರಲು ಜಾಗ ಸಿಕ್ಕಿದ್ದರೆ, ಆಗ ಕಿಟಕಿಯಿಂದ ಹೊರಗೆ ನೋಡುತ್ತೇವೆ. ನೀವು ಸೋಮಾರಿತನ ಅಂದದ್ದಕ್ಕೆ ನನ್ನ ಹೆಸರು ಪುರಸೊತ್ತು. ಈ ಊರಿನಲ್ಲಿ ಅದು ಸಿಗುವುದು ಎಷ್ಟು ಕಷ್ಟ ಅಂತ ನಿಮಗೆ ಹೇಳಬೇಕಾ?

'ಫಣಿಯಮ್ಮ'ನನ್ನೇ ತಗೊಳ್ಳಿ. ಎಂ.ಕೆ. ಇಂದಿರಾ ಅದನ್ನು ಪುಸ್ತಕ ಮಾಡಿದ್ದು 1976ರಲ್ಲಿ. ಆದರೆ ಆ ಕಥೆಯನ್ನು ಅವರು ಕೇಳಿದ್ದು ತಮ್ಮ ತಾಯಿಯ ಬಾಯಿಂದ. ಅಂದರೆ ಅಚ್ಚಾಗುವ ಮೊದಲೇ ಅದು ಅಡುಗೆಮನೆಯಲ್ಲಿ ಹೇಳಿ ಹೇಳಿ ಹದವಾದ ಕಥೆ. ನಾನು ಮೊದಲು ಓದಿದಾಗ, ಮಗುವಿದ್ದಾಗಲೇ ವಿಧವೆಯಾದವಳು ಅಂತ 'ಅಯ್ಯೋ ಪಾಪ' ಅಂದುಕೊಂಡೇ ಮುಗಿಸಿದೆ. ಮತ್ತೆ ಓದಿದಾಗ ಪಾಪ ಅನ್ನುವ ಧೈರ್ಯ ಬರಲಿಲ್ಲ. ಎಳೆಯ ವಿಧವೆ ದಾಕ್ಷಾಯಿಣಿ ತಲೆ ಬೋಳಿಸಿಕೊಳ್ಳಲು ಒಪ್ಪದೆ ನಿಂತಾಗ ಅವಳ ಪರ ಮಾತಾಡುವುದು ಇದೇ ಮುದುಕಿ. ಅದು ಪುಸ್ತಕದಲ್ಲಿ ಮೊದಲಿಂದಲೂ ಇತ್ತು. ಮರುಕ ಪಡುವ ಭರದಲ್ಲಿ ನಾನೇ ದಾಟಿಕೊಂಡು ಹೋಗಿದ್ದೆ.

ಇನ್ನು ಸೊಸೆಯ ಪ್ರಶ್ನೆ. ಕಥೆ ಬದಲಾಗಿಲ್ಲ ತಾಯಿ, ಬಣ್ಣ ಬದಲಾಗಿದೆ! 1971ರಲ್ಲಿ ದೊರೈ ಭಗವಾನ್ ಕಪ್ಪು ಬಿಳುಪಿನಲ್ಲಿ ಮಾಡಿದ್ದ 'ಕಸ್ತೂರಿ ನಿವಾಸ' 2014ರಲ್ಲಿ ಬಣ್ಣ ಹಚ್ಚಿಕೊಂಡು ಮತ್ತೆ ಬಿಡುಗಡೆಯಾಯಿತು. ಹತ್ತು ಸಲ ನೋಡಿದವರೇ ಮತ್ತೆ ಟಿಕೆಟ್ ತೆಗೆದರು. (ನನಗೆ ಕಪ್ಪು ಬಿಳುಪೇ ಸಾಕಿತ್ತು. ಅದು ಬೇರೆ ಜಗಳ.) ಪಾರಿವಾಳದ ದೃಶ್ಯ ನೋಡಿ. ಎಲ್ಲ ಕಳೆದುಕೊಂಡ ಮನುಷ್ಯ, ಮನೆಗೆ ಬಂದವಳಿಗೆ ಊಟ ಹಾಕಲು ಇದ್ದೊಂದು ಪಾರಿವಾಳವನ್ನೂ ಮಾರಿಬಿಟ್ಟಿದ್ದಾನೆ. ಅವಳು ಬಂದದ್ದೇ ಅದನ್ನು ಕೇಳಲು. ಮೊದಲ ಸಲ ನೋಡುವವರಿಗೆ ಏಟು ಬೀಳುವುದು ಅವಳು ಬಾಯಿಬಿಟ್ಟು ಕೇಳಿದಾಗ. ನಿಮಗೆ? ಅವಳು ಊಟಕ್ಕೆ ಕೂತಾಗಲೇ ಗಂಟಲು ಕಟ್ಟುತ್ತದೆ. ರಾಜ್‌ಕುಮಾರ್ ಮುಖದ ಸಂತೋಷ ನೋಡಲಾಗುವುದಿಲ್ಲ. ಗೊತ್ತಿರುವುದರಿಂದ ದುಃಖ ಕಡಿಮೆ ಆಗಲಿಲ್ಲ, ಜಾಸ್ತಿ ಆಯಿತು, ಅಲ್ವಾ? ಸೊಸೆಯನ್ನು ಒಂದು ಸಲ ಪಕ್ಕದಲ್ಲಿ ಕೂರಿಸಿಕೊಳ್ಳಿ. ಬೇಳೆ ಆಮೇಲೆ ಬೇಯಲಿ.

ನಮ್ಮವರಿಗೆ ಗೊತ್ತಿರುವ ಕಥೆ ಬೇಜಾರು ಅನ್ನುವ ರೋಗ ಮೊದಲು ಇರಲೇ ಇಲ್ಲ. ರಾಮಾಯಣ ಬರೆದ ಕವಿಗಳ ಭಾರಕ್ಕೆ ಆದಿಶೇಷ ತಿಣುಕುತ್ತಿದ್ದಾನೆ ಅಂತ ದೂರಿದ ಕುಮಾರವ್ಯಾಸ ಬರೆದದ್ದಾದರೂ ಏನು? ಊರಿಗೆಲ್ಲ ಗೊತ್ತಿದ್ದ ಮಹಾಭಾರತ. ಪತ್ತನಾಜೆ ಕಳೆದು ಯಕ್ಷಗಾನದ ತಿರುಗಾಟ ಮುಗಿದ ಮೇಲೆ ಊರಿನ ಮೇಳಗಳ ಕಲಾವಿದರು ಮುಂಬಯಿಗೆ ಬಂದರೆ ನಾವು ಇವತ್ತಿಗೂ ಹೋಗಿ ಕೂರುತ್ತೇವೆ. ಕೌರವ ಈ ಸಲವಾದರೂ ಬದುಕುತ್ತಾನೋ ಅಂತ ಯಾರೂ ಕೇಳುವುದಿಲ್ಲ. ಇವತ್ತಿನ ಕೌರವ ಸರೋವರದಿಂದ ಎದ್ದು ಬರುವುದು ಹೇಗೆ, ಅಷ್ಟೇ. ಚಿಕ್ಕವನಿದ್ದಾಗ 'ದೇವಿ ಮಹಾತ್ಮೆ' ಬಯಲಾಟಕ್ಕೆ ಹೋದರೆ ಅಮ್ಮನ ಮಡಿಲಲ್ಲಿ ಮಲಗುವ ಮೊದಲು ಒಂದೇ ಮಾತು, "ಮಹಿಷಾಸುರ ಬರುವಾಗ ಎಬ್ಬಿಸು". ದೊಂದಿ ಹಿಡಿದು ಜನರ ನಡುವಿನಿಂದಲೇ ಬರುವ ಆ ಮಹಿಷಾಸುರನಿಗೋಸ್ಕರ ಎಷ್ಟು ಮಕ್ಕಳು ಅರ್ಧ ರಾತ್ರಿಯಲ್ಲಿ ಕಣ್ಣುಜ್ಜಿಕೊಂಡು ಎದ್ದಿಲ್ಲ!

ಆ ಮಾತು ನನಗೆ ಮತ್ತೆ ನೆನಪಾದದ್ದು ಮರಾಠಾ ಮಂದಿರದಲ್ಲಿ. ಮುಂಬಯಿ ಸೆಂಟ್ರಲ್ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ಹತ್ತಿರದ ಆ ಟಾಕೀಸು ನಿಮಗೆ ಗೊತ್ತೇ ಇದೆ. 'ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ' ಬಿಡುಗಡೆಯಾದದ್ದು 1995ರ ಅಕ್ಟೋಬರ್ 20ಕ್ಕೆ. 2014ರ ಡಿಸೆಂಬರಿನಲ್ಲಿ ಅಲ್ಲಿ ಅದಕ್ಕೆ 1000 ವಾರ ತುಂಬಿತು. 2015ರ ಫೆಬ್ರವರಿಯಲ್ಲಿ ನಿಲ್ಲಿಸುತ್ತೇವೆ ಅಂದರು, ಜನ ಬಿಡಲಿಲ್ಲ. ನಾನು ಹೋದದ್ದು ಅದಾದ ಮೇಲಿನ ಒಂದು ಜೂನ್. ಸಂಜೆಯ ರೈಲಿಗೆ ಬೆಳಿಗ್ಗೆಯೇ ಬಂದುಬಿಟ್ಟಿದ್ದೆ. ಹೊರಗೆ ಜೋರು ಮಳೆ. ಹನ್ನೊಂದೂವರೆಯ ಆಟಕ್ಕೆ ಸುಮ್ನೆ ಒಳಗೆ ಹೋದೆ.

ಪಕ್ಕದಲ್ಲಿ ಒಬ್ಬ ನಡುವಯಸ್ಸಿನವರು. ಕಾಲ ಸಂದಿಯಲ್ಲಿ ರೆಕ್ಸಿನ್ ಚೀಲ, ಚೀಲದ ಪಟ್ಟಿ ಮಣಿಕಟ್ಟಿಗೆ ಎರಡು ಸುತ್ತು. ಹೆಸರುಗಳು ಮುಗಿಯುವಷ್ಟರಲ್ಲಿ ನಿದ್ದೆ. ಹಾಡು ಬಂತು, ಮದುವೆಮನೆ ಬಂತು, ಹಿಂದಿನ ಸಾಲಿನವರು ಸಿಳ್ಳೆ ಹೊಡೆದರು. ಆಸಾಮಿಗೆ ಎಚ್ಚರವಿಲ್ಲ. ಕೊನೆಯ ರೈಲ್ವೆ ಸ್ಟೇಷನ್ ಬಂದಾಗ ಯಾರೂ ಎಬ್ಬಿಸದೆ ಎದ್ದರು. ನೆಟ್ಟಗೆ ಕೂತರು. ಕಾಲು ಚಪ್ಪಲಿಗೆ ತೂರಿಸಿಕೊಂಡರು. ಅಪ್ಪ ಮಗಳ ಕೈ ಬಿಡುವ ಹೊತ್ತಿಗೆ ಇಡೀ ಟಾಕೀಸು ಪರದೆಗಿಂತ ಮೊದಲೇ "ಜಾ ಸಿಮ್ರನ್ ಜಾ" ಅಂತು. ಅವರೂ ಅಂದರು, ಗಟ್ಟಿಯಾಗಿ ಅಲ್ಲ, ಮಂತ್ರ ಹೇಳುವ ಹಾಗೆ. ಆಮೇಲೆ ನನ್ನ ಹತ್ತಿರ ಟೈಮ್ ಕೇಳಿ, ಚೀಲ ಎತ್ತಿಕೊಂಡು, ದೀಪ ಹತ್ತುವ ಮೊದಲೇ ಹೊರಟುಹೋದರು.

ಮೂರು ಗಂಟೆ ನಿಶ್ಚಿಂತೆಯಿಂದ ಮಲಗಲು ಸಿನಿಮಾ ಗೊತ್ತಿರಬೇಕು.

ಅಂದ ಹಾಗೆ ಸಿನಿಮಾದಲ್ಲಿ ಪಂಜಾಬ್ ಅಂತ ತೋರಿಸುವ ಆ ಸ್ಟೇಷನ್ ನಮ್ಮ ರಾಯಗಡ ಜಿಲ್ಲೆಯ ಆಪ್ಟಾ. ಪನ್ವೇಲ್ ದಾಟಿ ರೋಹಾ ಕಡೆಗೆ ಹೋಗುವಾಗ ಸಿಗುತ್ತದೆ. ಅಂದರೆ ಊರಿಗೆ ಹೋಗುವ ನಮ್ಮ ಮತ್ಸ್ಯಗಂಧ ರೈಲಿನ ದಾರಿಯಲ್ಲೇ. ಎಷ್ಟು ವರ್ಷ ಅದನ್ನು ನೋಡದೆ ದಾಟಿದ್ದೇನೋ, ಚಕ್ಕುಲಿ ತಿನ್ನುತ್ತಾ. ಗೊತ್ತಾದ ಮೇಲೆ ಪ್ರತಿ ಸಲ ಕಿಟಕಿಗೆ ಮುಖ ಹಚ್ಚುತ್ತೇನೆ. ಗಾಡಿ ನಿಲ್ಲುವುದಿಲ್ಲ, ಅರ್ಧ ನಿಮಿಷದಲ್ಲಿ ಹಿಂದೆ ಹೋಗಿಬಿಡುತ್ತದೆ. ಹೆಂಡತಿ ನಿಮ್ಮ ಸೊಸೆಯ ಹಾಗೇ ನಗುತ್ತಾಳೆ.

ಮತ್ತೆ ಓದಿದ್ದೆಲ್ಲ ಸುಖವೇ ಅಂತ ಹೇಳಿದರೆ ಸುಳ್ಳಾಗುತ್ತದೆ. ಯಶವಂತ ಚಿತ್ತಾಲರ 'ಶಿಕಾರಿ' 1979ರಲ್ಲಿ ಬಂತು. ಮರುವರ್ಷ ಲೋಕಲ್ಲಿನಲ್ಲಿ ನಿಂತುಕೊಂಡೇ ಓದಿದೆ. ನಾಗಪ್ಪನ ವಿರುದ್ಧ ಪಿತೂರಿ ಮಾಡಿದವರು ಯಾರು ಅಂತ ಪತ್ತೇದಾರಿ ಓದುವ ಹಾಗೆ ಓದಿ ಮುಗಿಸಿ, ಇಳಿದು ಆಫೀಸಿಗೆ ಹೋದೆ. ಕೆಲವು ವರ್ಷದ ಮೇಲೆ ನಾನು ಗುಮಾಸ್ತನಾಗಿದ್ದ ಕಂಪನಿಯಲ್ಲಿ ನನಗೂ ಒಂದು ಕಾಗದ ಬಂತು, ನಾಳೆಯಿಂದ ಬರಬೇಡಿ ಅಂತ. ಕಾರಣ ಬರೆದಿರಲಿಲ್ಲ. ಮನೆಯಲ್ಲಿ ಕೂತು 'ಶಿಕಾರಿ' ತೆಗೆದೆ. ನಲವತ್ತು ಪುಟ ಆಗಲಿಲ್ಲ. ಎದೆ ಹೊಡೆದುಕೊಳ್ಳತೊಡಗಿತು. ಮುಚ್ಚಿಟ್ಟವನು ಹನ್ನೆರಡು ವರ್ಷ ಮುಟ್ಟಲಿಲ್ಲ. ಮುಟ್ಟಿದಾಗ ಪಿತೂರಿಯ ಕಡೆ ಗಮನವೇ ಹೋಗಲಿಲ್ಲ. ನಾಗಪ್ಪ ಒಬ್ಬನೇ ಕೂತು ತನ್ನೊಳಗೇ ಮಾತಾಡಿಕೊಳ್ಳುವ ಪುಟಗಳಲ್ಲೇ ಉಳಿದೆ. ಮೊದಲ ಓದಿನಲ್ಲಿ ಅವನ್ನು ಎರಡೆರಡಾಗಿ ಮಗುಚಿದ್ದೆ ಅಂತ ನೆನಪಾಗಿ ನಾಚಿಕೆಯಾಯಿತು.

ಹಾಳಾದದ್ದೂ ಉಂಟು. ಹದಿನಾರರಲ್ಲಿ ಪ್ರಾಣಕ್ಕಿಂತ ಹೆಚ್ಚಿದ್ದ ಒಂದು ಪತ್ತೇದಾರಿ ಕಾದಂಬರಿ ಕಿಂಗ್ಸ್ ಸರ್ಕಲ್ಲಿನ ಫುಟ್‌ಪಾತಿನಲ್ಲಿ ಸಿಕ್ಕಿತು. ಕುಣಿದಾಡಿಕೊಂಡು ತಂದೆ. ರಾತ್ರಿಯೇ ಓದಿದೆ. ಓದಬಾರದಿತ್ತು. ಅಂಥ ಪುಸ್ತಕಗಳನ್ನು ನೆನಪಿನಲ್ಲೇ ಬಿಡಿ, ಅರೆಯಲ್ಲಿ ಜಾಗ ಉಳಿಯುತ್ತದೆ.

ಈಗ ಕೆಲಸದ ಮಾತು. ಮೂವತ್ತನ್ನು ಆರಿಸುವಾಗ ಬೆನ್ನು ನೋಡಿ ಆರಿಸಬೇಡಿ, ಬಿಡಿಸಿ ನೋಡಿ. ಎಲ್ಲಿ ತಾನಾಗಿ ತೆರೆದುಕೊಳ್ಳುತ್ತದೋ ಅದು ನಿಮ್ಮದು. ಓದದವನ್ನು ರದ್ದಿಯವನಿಗೆ ತೂಗಿಸಬೇಡಿ. ಹತ್ತಿರದ ಕನ್ನಡ ಸಂಘದ ವಾಚನಾಲಯಕ್ಕೆ ಕೊಡಿ, ಇಲ್ಲಾಂದ್ರೆ ನಮ್ಮ ಆಫೀಸಿಗೆ ಕಳಿಸಿ. ನಿಮಗೆ ಒಗ್ಗದ್ದು ಇನ್ನೊಬ್ಬರಿಗೆ ಹತ್ತು ಸಲ ಓದುವ ಪುಸ್ತಕ ಆಗಬಹುದು. ಮಗ ಕೇಳಿದರೆ, ಓದದ ಪುಸ್ತಕ ಬೇಕಾದಾಗ ಲೈಬ್ರರಿಯಿಂದ ತರುತ್ತೇನೆ ಅನ್ನಿ. ಅದಕ್ಕೆ ಅವನ ಲೆಕ್ಕದಲ್ಲಿ ಉತ್ತರವಿಲ್ಲ.

ಇನ್ನೊಂದು ಮಾತು. 'ಫಣಿಯಮ್ಮ'ನನ್ನು ಪೆಟ್ಟಿಗೆಗೆ ಹಾಕಬೇಡಿ, ಕೈಚೀಲದಲ್ಲಿಟ್ಟುಕೊಳ್ಳಿ. ನೀವು ಹೋಗುವುದು ಮಳೆಗಾಲದಲ್ಲಿ. ಟೆಂಪೋದವನು ಹೇಳಿದ ಹೊತ್ತಿಗೆ ಬರುವುದಿಲ್ಲ.